ಹತ್ತು ನಿಮಿಷ ಓನ್ಲಿ

ಆಂಧ್ರದ ಸೋಮಂದೇಪಲ್ಲಿಯ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಬಿಳಿ ಷರ್ಟು ತೊಟ್ಟು, ಕಂಕುಳಲ್ಲಿ ಲೇಔಟ್ ನಕ್ಷೆಗಳ ಸುರುಳಿ ಇಟ್ಟುಕೊಂಡು ನಿಂತವನ ಹೆಸರು ಕೇಳಬೇಕಿಲ್ಲ. ಅವನೇ ಓನ್ಲಿ ಅಣ್ಣ. ಊರಿಗೆ ಇವನೊಬ್ಬನೇ ಅಂದುಕೊಳ್ಳಬೇಡಿ. 2019ರಲ್ಲಿ ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರು ತಯಾರಾಗತೊಡಗಿದ ಮೇಲೆ ಈ ಸೈಟು ಬ್ರೋಕರುಗಳ ತಳಿ ಚೆನ್ನಾಗಿ ಹಬ್ಬಿದೆ.

ಅಣ್ಣನಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ನಾವು ‘ಇಲ್ಲೇ’ ಅಂದರೆ ಅವರು ‘ಇಕ್ಕಡೇ’ ಅನ್ನುತ್ತಾರೆ; ಎರಡು ಭಾಷೆಗೂ ಬಾಲದಲ್ಲೊಂದು ‘ಏ’ ಇದ್ದರೆ ಸಾಕು, ಮಾತಿಗೆ ಒತ್ತು ಬಂತು. ಇಂಗ್ಲಿಷಿಗೆ ಆ ಬಾಲವಿಲ್ಲವಲ್ಲ, ಅಣ್ಣ ‘ಓನ್ಲಿ’ ತಂದು ಕಟ್ಟಿದ. ಹಿಯರ್ ಓನ್ಲಿ, ಟುಡೇ ಓನ್ಲಿ, ಐ ಓನ್ಲಿ. ಇಂಗ್ಲಿಷರ ಓನ್ಲಿ ‘ಇಷ್ಟು ಮಾತ್ರ’ ಎಂದು ಬೇಲಿ ಹಾಕುವ ಪದ. ನಮ್ಮ ‘ಏ’ ಬೆರಳು ಮಾಡಿ ತೋರಿಸುವ ಅಕ್ಷರ. ಬೇಲಿ ಕಿತ್ತು ಬೆರಳು ಮಾಡಿಕೊಂಡವನು ಜಮೀನು ಮಾರಲು ಹೊರಟರೆ ಏನಾದೀತು?

ನಮ್ಮ ಭಾವನವರು ರಿಟೈರಾದ ಬ್ಯಾಂಕ್ ಗುಮಾಸ್ತರು. ಸೈಟು ನೋಡಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದರು.

“ಎಷ್ಟು ದೂರಾನಪ್ಪಾ?”

“ಹೈವೇ ಸೈಡ್ ಓನ್ಲಿ ಸಾರ್. ಟೆನ್ ಮಿನಿಟ್ಸ್ ಓನ್ಲಿ.”

ಮುಕ್ಕಾಲು ಗಂಟೆ ಕಡಲೆಕಾಯಿ ಹೊಲಗಳ ನಡುವೆ ಕುಲುಕಿಸಿಕೊಂಡು ಹೋಗಿ ಇಳಿದೆವು. ಸುಣ್ಣ ಬಳಿದ ನಾಲ್ಕು ಕಲ್ಲು, ಒಂದು ಜಾಲಿ ಗಿಡ, ಅದರ ನೆರಳಲ್ಲಿ ಒಂದು ಮೇಕೆ.

“ಹೈವೇ ಎಲ್ಲಿ?”

“ದೇರ್ ಓನ್ಲಿ ಸಾರ್.” ಅವನ ಬೆರಳಿನ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಲಾರಿಯೊಂದು ಹೋಗುತ್ತಿತ್ತು.

“ನೀರು?”

“ಬೋರ್ ಹಾಕ್ಸಿದ್ರೆ ಬರುತ್ತೆ ಓನ್ಲಿ.”

ಅಲ್ಲಿನ ಲೆಕ್ಕ ಸೆಂಟಿನದು. ಎಕರೆಗೆ ನಮ್ಮ ಗುಂಟೆ 40, ಅವರ ಸೆಂಟು 100. ಭಾವ ಎರಡೂವರೆಯಿಂದ ಭಾಗಿಸುತ್ತಾ ಬೆರಳು ಮಡಚುತ್ತಿದ್ದರೆ ಅಣ್ಣ ಇತಿಹಾಸಕ್ಕೆ ಕೈ ಹಾಕಿದ: “1565ರಲ್ಲಿ ತಾಳೀಕೋಟೆ ಸೋತ್ಮೇಲೆ ವಿಜಯನಗರದೋರು ರಾಜಧಾನೀನೇ ಪೆನುಕೊಂಡಕ್ಕೆ ಶಿಫ್ಟ್ ಮಾಡಿದ್ರು ಸಾರ್. ಕಿಂಗ್ ಓನ್ಲಿ ಬಂದವ್ರೆ, ನೀವು ಯಾಕೆ ಯೋಚ್ನೆ ಮಾಡ್ತೀರಾ?”

ಸೋತು ಓಡಿಬಂದವರ ಉದಾಹರಣೆ ಕೊಟ್ಟು ಸೈಟು ಮಾರುವ ಧೈರ್ಯ ಬೇರೆ ಯಾವ ಬ್ರೋಕರಿಗಿದೆ? ಭಾವ ಕರಗಿದರು. ಟೋಕನ್ ಅಡ್ವಾನ್ಸ್ ಕೊಡುವುದಾದರೆ ಚೆಕ್ಕಿನಲ್ಲೇ ಅಂದರು. ಕಾರಿನ ಬಾನೆಟ್ ಮೇಲೆ ಚೆಕ್ ಪುಸ್ತಕ ಇಟ್ಟು, ಗುಮಾಸ್ತಗಿರಿಯ ದುಂಡು ಅಕ್ಷರದಲ್ಲಿ ‘ರುಪೀಸ್ ಫೈವ್ ಥೌಸಂಡ್ ಓನ್ಲಿ’ ಎಂದು ಬರೆದು, ಮುಂದಕ್ಕೆ ಉದ್ದನೆಯ ಗೆರೆ ಎಳೆದರು.

ಅಣ್ಣ ಚೆಕ್ಕನ್ನು ಎರಡು ಸಲ ಓದಿದ. ಮುಖ ಸಣ್ಣದಾಯಿತು.

“ಸಾರ್, ಇದರಲ್ಲಿ ಓನ್ಲಿ ಯಾಕ್ ಸಾರ್ ಹಾಕಿದ್ರಿ?”