ವಿಸ್ತರಣಾ ಕಾರ್ಡುಗಳ ಕರ್ತೃ-ಕಾಲ-ದೇಶ ವಿಚಾರ

ಹಳೆಯ ಕಂಪ್ಯೂಟರುಗಳ ಒಡಲಿನಿಂದ ಹೊರಬೀಳುವ ಹಸಿರು ಹಲಗೆಗಳನ್ನು ಲೋಕವು ಗುಜರಿ ಎಂದು ಬಗೆದು ಕಿಲೋ ಲೆಕ್ಕದಲ್ಲಿ ಮಾರುತ್ತ ಬಂದಿದೆ. ಅವು ಗುಜರಿಯಲ್ಲ, ತಾಮ್ರಪಟ ಶಾಸನಗಳು ಎಂದು ಸಾಧಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ಹೇತುಗಳು ಹೀಗಿವೆ: ಹಲಗೆಯ ಮೈಮೇಲೆ ತಾಮ್ರವಿದೆ, ತಾಮ್ರದಲ್ಲಿ ಗೆರೆಗಳಿವೆ, ಗೆರೆಗಳ ನಡುವೆ ಬರಹವಿದೆ, ಬರಹ ಓದಿದವರಿಗೆ ಅರ್ಥವಾಗುವುದಿಲ್ಲ. ಇಷ್ಟು ಲಕ್ಷಣಗಳು ಕೂಡಿಬಂದ ಮೇಲೂ ಶಾಸನವಲ್ಲ ಎನ್ನುವವರಿಗೆ ಉತ್ತರ ಕೊಡುವ ಹೊಣೆ ನಮ್ಮದಲ್ಲ.

ಕಲ್ಲಿನ ಶಾಸನ ಓದುವವನಿಗೆ ಅವಸರವಿಲ್ಲ. ಕಾರ್ಡ್ ಓದುವವನಿಗೆ ಇದೆ, ಏಕೆಂದರೆ ಅವನಿಗೆ ಡ್ರೈವರ್ ಬೇಕು. ಕಾರ್ಡ್ ಯಾವುದೆಂದು ತಿಳಿಯದೆ ಡ್ರೈವರ್ ಸಿಗದು. ಡ್ರೈವರ್ ಹಾಕದೆ ವಿಂಡೋಸ್ 98ರ ಡಿವೈಸ್ ಮ್ಯಾನೇಜರಿನ ಹಳದಿ ಪ್ರಶ್ನಾರ್ಥಕ ಚಿಹ್ನೆ ಹೋಗದು. ಆ ಚಿಹ್ನೆಯ ಪಕ್ಕದಲ್ಲಿ ‘ಪಿಸಿಐ ಈಥರ್ನೆಟ್ ಕಂಟ್ರೋಲರ್’ ಎಂದಷ್ಟೇ ಬರೆದಿರುತ್ತದೆ. ಶಾಸನತಜ್ಞರನ್ನು ಊರಿಗೆ ಕರೆಸಿದರೆ ಅವರು ನೋಡಿ ‘ಇದು ಕಲ್ಲು’ ಎಂದು ವರದಿ ಬರೆದುಕೊಟ್ಟು ಹೋದರಂತೆ, ಅಷ್ಟೇ ಉಪಯೋಗ.

ಈ ಶಾಸನಯುಗದ ಆರಂಭ 1981ರ ಆಗಸ್ಟ್. ಆಗ ಹೊರಬಂದ ಐಬಿಎಂ ಪಿಸಿಯಲ್ಲಿ ಐದು ಸ್ಲಾಟುಗಳಿದ್ದವು, ಮತ್ತು ಅವುಗಳಲ್ಲಿ ಯಾವ ತಂತಿ ಏನು ಮಾಡುತ್ತದೆಂಬುದನ್ನು ಐಬಿಎಂ ತಾನೇ ಪುಸ್ತಕದಲ್ಲಿ ಅಚ್ಚುಹಾಕಿಸಿತು. ಹೀಗಾಗಿ ಕಾರ್ಡ್ ಮಾಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೇ ಉಳಿಯಲಿಲ್ಲ. 1984ರ ಎಟಿ ಮಾದರಿಯಲ್ಲಿ ಸ್ಲಾಟು 16 ಬಿಟ್‌ಗೆ ಬೆಳೆಯಿತು. ಅದಕ್ಕೆ ಐಸಾ ಎಂಬ ನಾಮಕರಣ ಆಮೇಲೆ ಬೇರೆಯವರು ಮಾಡಿದ್ದು. 1992ರಲ್ಲಿ ಇಂಟೆಲ್ ಪಿಸಿಐ ತಂದಿತು. ನಡುವೆ ಬಂದು ಹೋದ ಎಂಸಿಎ, ಈಸಾ, ವೆಸಾ ಲೋಕಲ್ ಬಸ್ ಎಂಬ ಮಾಂಡಲಿಕರ ವಿಚಾರ ಇಲ್ಲಿ ಬೇಡ.

ಅಜ್ಞಾತ ಚಕ್ರವರ್ತಿ 94ವಿ-0

ಕ್ಷೇತ್ರಕಾರ್ಯಕ್ಕೆ ಇಳಿದ ಪ್ರತಿಯೊಬ್ಬ ಹೊಸ ಸಂಶೋಧಕನೂ ಮೊದಲು ಕಂಡುಹಿಡಿಯುವುದು ಈ ಮಹಾರಾಜನನ್ನೇ. ಸೌಂಡ್ ಕಾರ್ಡಿನ ಅಂಚಿನಲ್ಲಿ 94ವಿ-0. ಲ್ಯಾನ್ ಕಾರ್ಡಿನ ಹಿಂಬದಿಯಲ್ಲಿ 94ವಿ-0. ಡಿಸ್‌ಪ್ಲೇ ಕಾರ್ಡ್, ಮೋಡೆಮ್, ಮದರ್‌ಬೋರ್ಡ್, ಕೊನೆಗೆ ಮನೆಯ ಟಿವಿಯನ್ನು ಬಿಚ್ಚಿದರೆ ಅಲ್ಲೂ 94ವಿ-0. ಸಾಮ್ರಾಜ್ಯದ ವಿಸ್ತಾರಕ್ಕೆ ಬೆರಗಾದ ಸಂಶೋಧಕ ‘94ವಿ-0 ಡ್ರೈವರ್’ ಎಂದು ಹುಡುಕಲು ಕೂರುತ್ತಾನೆ. ಅಂಥ ಡ್ರೈವರ್ ಕೊಡುತ್ತೇವೆನ್ನುವವರೂ ಸಿಗುತ್ತಾರೆ. ಅದನ್ನು ಹಾಕಿಕೊಂಡವನ ಕಂಪ್ಯೂಟರಿಗೆ ಮುಂದೆ ಬೇರೆ ಬಗೆಯ ಸಂಶೋಧನೆ ಬೇಕಾಗುತ್ತದೆ.

94 ಎಂಬುದು ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆಯ ಒಂದು ಮಾನಕದ ಸಂಖ್ಯೆ. ವಿ-0 ಅದರೊಳಗಿನ ದರ್ಜೆ. ಹಲಗೆಯ ತುಂಡನ್ನು ನೆಟ್ಟಗೆ ಹಿಡಿದು ಬೆಂಕಿ ತಾಗಿಸಿ ತೆಗೆದರೆ ಹತ್ತು ಸೆಕೆಂಡಿನೊಳಗೆ ಉರಿ ಆರಬೇಕು, ಉರಿಯುವ ಹನಿ ಕೆಳಗೆ ಬೀಳಬಾರದು ಎಂದು ಅದರ ಅರ್ಥ. ಅಂದರೆ ಕಾರ್ಡ್ ತಾನು ಯಾರೆಂದು ಹೇಳುತ್ತಿಲ್ಲ, ತನ್ನನ್ನು ಸುಟ್ಟರೆ ಏನಾಗುತ್ತದೆಂದು ಹೇಳುತ್ತಿದೆ. ಡ್ರೈವರ್ ಸಿಗದೆ ರೋಸಿಹೋದವರಿಗೆ ಈ ಮಾಹಿತಿಯೂ ಬೇಕಾದದ್ದೇ. ಪಕ್ಕದಲ್ಲಿ ‘ಇ’ ಅಕ್ಷರದಿಂದ ಶುರುವಾಗುವ ಆರಂಕಿಯ ಸಂಖ್ಯೆ ಇದ್ದರೆ ಅದು ಬರಿಯ ಹಲಗೆ ಮಾಡಿದ ಕಾರ್ಖಾನೆಯ ಕಡತಸಂಖ್ಯೆ. ತಾಮ್ರದ ತಗಡು ಬಡಿದುಕೊಟ್ಟ ಕಂಚುಗಾರನನ್ನೇ ದಾನ ಕೊಟ್ಟ ಅರಸನೆಂದು ತಿಳಿಯುವ ಪ್ರಮಾದ ನಡೆಯುವುದು ಇಲ್ಲೇ.

ಕಾಲನಿರ್ಣಯ

ಶಕವರ್ಷವಿಲ್ಲದ ಶಾಸನದ ಕಾಲವನ್ನು ಲಿಪಿಯಿಂದ ಊಹಿಸಬೇಕು. ಕಾರ್ಡುಗಳು ಈ ವಿಷಯದಲ್ಲಿ ಉದಾರಿಗಳು. ಚಿಪ್ಪಿನ ಮೇಲೆ 9437 ಎಂದಿದ್ದರೆ ಅದು 1994ರ 37ನೆಯ ವಾರದಲ್ಲಿ ತಯಾರಾದದ್ದು. ಒಂದೇ ಹಲಗೆಯ ಮೇಲೆ ಬೇರೆ ಬೇರೆ ಕಾಲದ ಚಿಪ್ಪುಗಳಿರುವುದರಿಂದ ಅವುಗಳಲ್ಲಿ ಎಲ್ಲಕ್ಕಿಂತ ಈಚಿನದನ್ನು ಹಿಡಿಯಬೇಕು. ಕಾರ್ಡ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ತೊಡಕೆಂದರೆ ಚಿಪ್ಪುಗಳ ಹೆಸರುಗಳೂ ನಾಲ್ಕಂಕಿಗಳೇ. ಇಂಟೆಲ್‌ನ 8255 ಚಿಪ್ಪನ್ನು 1982ನೆಯ ಇಸವಿಯ 55ನೆಯ ವಾರ ಎಂದು ಓದಿದವರು ಆ ವರ್ಷಕ್ಕೆ ಅಧಿಕಮಾಸ ಸೇರಿಸಬೇಕಾಗುತ್ತದೆ. ಇನ್ನೂ ಘನವಾದ ಸಮಸ್ಯೆ ತೈವಾನಿನ ರಿಯಲ್‌ಟೆಕ್ ಕಂಪನಿಯ 8139. ಇದು ಒಂದು ಕಾಲಕ್ಕೆ ಎಲ್ಲೆಡೆ ಸಿಗುತ್ತಿದ್ದ 100 ಮೆಗಾಬಿಟ್ ವೇಗದ ಲ್ಯಾನ್ ಕಾರ್ಡಿನ ಚಿಪ್ಪು. ಇದನ್ನು ತಾರೀಖೆಂದು ಓದಿದರೆ 1981ರ 39ನೆಯ ವಾರ, ಅಂದರೆ ಐಬಿಎಂ ಪಿಸಿ ಬಂದು ಆರು ವಾರಕ್ಕೆ. ಅದು ಕೂರುವ ಪಿಸಿಐ ಸ್ಲಾಟು ಹುಟ್ಟಲು ಇನ್ನೂ ಹನ್ನೊಂದು ವರ್ಷವಿತ್ತು. ಅದು ಓಡುವ ವೇಗಕ್ಕೆ ಮಾನಕ ಬಂದದ್ದು 1995ರಲ್ಲಿ. ಭಾಷೆ ಹತ್ತನೆಯ ಶತಮಾನದ್ದು, ಕಾಲ ನಾಲ್ಕನೆಯದು ಎಂದು ಹೇಳಿಕೊಳ್ಳುವ ಶಾಸನಗಳ ಪರಿಚಯವಿದ್ದವರು ಇಲ್ಲಿ ಗಾಬರಿಯಾಗರು.

ಮುದ್ರೆ, ಸೀಮೆ, ಶಾಪ

ಗಂಗರ ತಾಮ್ರಪಟಗಳಿಗೆ ಆನೆಯ ಮುದ್ರೆ, ಚಾಲುಕ್ಯರದಕ್ಕೆ ವರಾಹ. ಕಾರ್ಡುಗಳಿಗೆ ಎಫ್‌ಸಿಸಿ ಸಂಖ್ಯೆ. ಅಮೆರಿಕದ ಸಂಪರ್ಕ ಆಯೋಗ ಇದನ್ನು ಕೊಡುತ್ತಿದ್ದದ್ದು ನೆರೆಮನೆಯ ಟಿವಿ ಚಿತ್ರ ಅಲುಗಾಡದಿರಲಿ ಎಂದು. ಡ್ರೈವರ್ ಹುಡುಕುವವರ ಯೋಚನೆ ಅದಕ್ಕಿರಲಿಲ್ಲ. ಆದರೂ ಹಳೆಯ ಸಂಖ್ಯೆಗಳ ಮೊದಲ ಮೂರು ಅಕ್ಷರಗಳು ಅರ್ಜಿದಾರ ಕಂಪನಿಯ ಸಂಕೇತವಾದ್ದರಿಂದ, ಮೈಮೇಲೆ ಯಾವ ಹೆಸರೂ ಇಲ್ಲದ ಐಸಾ ಕಾರ್ಡಿನ ವಂಶ ಪತ್ತೆಯಾಗುವುದು ಎಷ್ಟೋ ಸಲ ಇದರಿಂದಲೇ. 1996ರಲ್ಲಿ ಆಯೋಗ ನಿಯಮ ಸಡಿಲಿಸಿ, ತಯಾರಕರೇ ‘ನಮ್ಮದು ಸರಿಯಾಗಿದೆ’ ಎಂದು ಘೋಷಿಸಿಕೊಳ್ಳಲು ಬಿಟ್ಟಿತು. ಆಮೇಲಿನ ಬಹಳಷ್ಟು ಕಾರ್ಡುಗಳಲ್ಲಿ ಮುದ್ರೆ ಇದೆ, ಸಂಖ್ಯೆ ಇಲ್ಲ. ಸಂಶೋಧನೆಗೆ ಇದರಿಂದಾದ ಹಾನಿಯ ಬಗ್ಗೆ ಯಾವ ವಿಶ್ವವಿದ್ಯಾಲಯವೂ ಇದುವರೆಗೆ ಒಂದು ವಿಚಾರಸಂಕಿರಣ ನಡೆಸಿದಂತಿಲ್ಲ.

ದಾನಶಾಸನದಲ್ಲಿ ಮೂಡಲಿಗೆ ಹುಣಿಸೆಮರ, ತೆಂಕಲಿಗೆ ಹುತ್ತ ಎಂದು ಸೀಮೆ ಹೇಳುವಂತೆ ಐಸಾ ಕಾರ್ಡಿಗೆ ಐಆರ್‌ಕ್ಯೂ, ಪೋರ್ಟ್ ವಿಳಾಸ, ಡಿಎಂಎ ಎಂಬ ಎಲ್ಲೆಗಳುಂಟು. ಎಲ್ಲೆಕಲ್ಲು ನೆಡುವುದು ಜಂಪರುಗಳಿಂದ. ಐಆರ್‌ಕ್ಯೂಗಳು 0ಯಿಂದ 15ರವರೆಗೆ ಹದಿನಾರು, ಆದರೆ ಸಮಯಸೂಚಕ, ಕೀಬೋರ್ಡ್, ಫ್ಲಾಪಿ, ಹಾರ್ಡ್‌ಡಿಸ್ಕ್ ಮೊದಲಾದವರು ಮೊದಲೇ ಬಂದು ಕೂತಿದ್ದಾರೆ. ಹೊಸದಾಗಿ ಬಂದವರೆಲ್ಲ ಉಳಿದ ಅಂಗೈಯಗಲ ಜಾಗಕ್ಕೆ ಕಾದಾಡಬೇಕು. 1989ರ ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಖಾನೆಯಿಂದಲೇ ಐಆರ್‌ಕ್ಯೂ 7ರಲ್ಲಿ ಬಂತು. ಅದು ಪ್ರಿಂಟರಿನ ಉಂಬಳಿ. ಎನ್‌ಇ2000 ಲ್ಯಾನ್ ಕಾರ್ಡ್ ಐಆರ್‌ಕ್ಯೂ 3ರಲ್ಲಿ ಬಂತು. ಅಲ್ಲಿ ಎರಡನೆಯ ಸೀರಿಯಲ್ ಪೋರ್ಟ್ ವಂಶಪಾರಂಪರ್ಯವಾಗಿ ವಾಸವಾಗಿತ್ತು. ಇಂಥ ಸೀಮಾವಿವಾದಗಳಲ್ಲಿ ವೀರಮರಣವನ್ನಪ್ಪಿದ ಮೌಸ್ ಕರ್ಸರುಗಳಿಗೆ ಒಂದು ವೀರಗಲ್ಲೂ ಇಲ್ಲ. ಎಲ್ಲೆಕಲ್ಲಿನ ವಿವರ ಹಲಗೆಯ ಮೇಲೆ ಜೆಪಿ1, ಜೆಪಿ2 ಎಂದಷ್ಟೇ ಇರುತ್ತದೆ. ಮುಂದಿನ ವಾಕ್ಯ ಕಳೆದುಹೋದ ಕೈಪಿಡಿಯಲ್ಲಿತ್ತು.

ಶಾಪಾಶಯದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎನ್ನುವ ಜಾಗದಲ್ಲಿ ಇಲ್ಲಿ ‘ಈ ಚೀಟಿ ಕಿತ್ತರೆ ವಾರಂಟಿ ಇಲ್ಲ’ ಎಂದಿರುತ್ತದೆ. ವಾರಂಟಿ ತೀರಿ ಇಪ್ಪತ್ತೈದು ವರ್ಷವಾದ ಕಾರ್ಡಿನ ಮೇಲೂ ಜನ ಅದನ್ನು ಕೀಳಲು ಹೆದರುತ್ತಾರೆ. ಶಾಪವೆಂದರೆ ಹಾಗಿರಬೇಕು.

ಮೂರು ಪಂಥಗಳು

ಕರ್ತೃವಿಚಾರದಲ್ಲಿ ವಿದ್ವಾಂಸರು ಮೂರಾಗಿ ಒಡೆದಿದ್ದಾರೆ. ಸ್ಟಿಕ್ಕರ್‌ವಾದಿಗಳಿಗೆ ಡಬ್ಬದ ಮೇಲಿನ ಹೆಸರೇ ಪ್ರಮಾಣ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ಡ್ ಕಂಪ್ಯೂಟರ್ ಕಟ್ಟಿಸಿಕೊಂಡ ಯಾರಾದರೂ ಇವರಿಗೆ ಉತ್ತರ ಕೊಡಬಲ್ಲರು: ಎಷ್ಟೋ ಡಬ್ಬಗಳ ಮೇಲೆ ಇದ್ದದ್ದು ‘32 ಬಿಟ್ ಪಿಸಿಐ ಲ್ಯಾನ್ ಕಾರ್ಡ್’ ಎಂಬ ಬಿರುದು ಮಾತ್ರ, ಅರಸನ ಹೆಸರಲ್ಲ. ಚಿಪ್‌ವಾದಿಗಳು ಹಲಗೆಯ ಮೇಲಿನ ದೊಡ್ಡ ಚಿಪ್ಪನ್ನು ಓದುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು, ಅಕ್ಷರ ಮಸುಕಾದರೆ ಸೀಮೆಸುಣ್ಣ ತೀಡಿ. ಕಲ್ಲು ಓದುವವರಿಂದ ಕಲಿತ ವಿದ್ಯೆ ಇದು, ಒಳ್ಳೆಯದೇ.

ಪ್ರಕೃತ ಲೇಖಕ ಮೂರನೆಯ ಪಂಥದವನು, ಸಂಖ್ಯಾವಾದಿ. ಪಿಸಿಐ ಕಾರ್ಡಿನೊಳಗೆ 256 ಬೈಟಿನ ಒಂದು ದಾಖಲೆ ಇರುತ್ತದೆ. ಅದರ ಮೊದಲ ಎರಡು ಬೈಟು ತಯಾರಕರ ಸಂಖ್ಯೆ, ಮುಂದಿನ ಎರಡು ಸಾಧನದ ಸಂಖ್ಯೆ. ಇಂಟೆಲ್ ತನ್ನ ಹಳೆಯ ಪ್ರೊಸೆಸರಿನ ನೆನಪಿಗೆ 8086 ಇಟ್ಟುಕೊಂಡಿತು. ಎಸ್3 ಕಂಪನಿಯದು 5333; ಐದನ್ನು ಸ್ವಲ್ಪ ಕಣ್ಣು ಮುಚ್ಚಿ ನೋಡಿದರೆ ಇಂಗ್ಲಿಷಿನ ಎಸ್ ಕಾಣುತ್ತದೆ. ರಿಯಲ್‌ಟೆಕ್‌ನದು 10ಇಸಿ, ಮುಂದೆ ಸಾಧನದ ಜಾಗದಲ್ಲಿ ಅದೇ 8139. ಯಂತ್ರವನ್ನು ಒಂದು ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಎಂದು ಕೊಟ್ಟರೆ ಈ ಸಂಖ್ಯೆಗಳು ಸಾಲಾಗಿ ಬರುತ್ತವೆ. ವಿಂಡೋಸಿನ ಡ್ರೈವರ್ ಜೊತೆ ಬರುವ ಐಎನ್‌ಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅಲ್ಲಿಯೂ ಇವೇ ಸಂಖ್ಯೆಗಳು. ಎರಡೂ ಹೊಂದಿದರೆ ಡ್ರೈವರ್ ಅದೇ. ಡಬ್ಬ, ಸ್ಟಿಕ್ಕರ್, ಅಂಗಡಿಯವನ ಮಾತು, ಯಾವುದೂ ಬೇಕಿಲ್ಲ.

ಐಸಾ ಕಾರ್ಡುಗಳಿಗೆ ಈ ದಾಖಲೆ ಇರಲಿಲ್ಲ. 1993ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಪ್ಲಗ್ ಅಂಡ್ ಪ್ಲೇ ಎಂಬ ವ್ರತವಿಧಾನ ರಚಿಸಿದವು. ಪೋರ್ಟ್ 279ಕ್ಕೆ 32 ಬೈಟಿನ ಬೀಜಮಂತ್ರ ಜಪಿಸಬೇಕು, ಕಾರ್ಡುಗಳು ಎಚ್ಚರಗೊಳ್ಳುತ್ತವೆ. ಆಮೇಲೆ ಪ್ರತಿಯೊಂದೂ ತನ್ನ 72 ಬಿಟ್‌ಗಳ ಹೆಸರನ್ನು ಒಂದೊಂದೇ ಬಿಟ್ ಹೇಳುತ್ತ ಹೋಗುತ್ತದೆ. ಬಿಟ್ 1 ಇದ್ದ ಕಾರ್ಡ್ ಮಾತಾಡುತ್ತದೆ, 0 ಇದ್ದದ್ದು ಕೇಳಿಸಿಕೊಳ್ಳುತ್ತದೆ. ಇನ್ನೊಬ್ಬನ ದನಿ ಕೇಳಿಸಿದರೆ ಸುಮ್ಮನಾಗಿ ಮುಂದಿನ ಸುತ್ತಿಗೆ ಕಾಯುತ್ತದೆ. ಕೊನೆಗೆ ಉಳಿದ ಒಂದಕ್ಕೆ ಕ್ರಮಸಂಖ್ಯೆ ಸಿಗುತ್ತದೆ. ಒಂದೇ ವೇದಿಕೆಯಲ್ಲಿ ಎಲ್ಲರೂ ಮಾತಾಡಬೇಕೆಂದಿರುವಾಗ ಜಗಳವಿಲ್ಲದೆ ಸರದಿ ಗೊತ್ತುಮಾಡುವ ಈ ಉಪಾಯವನ್ನು ನಮ್ಮ ಸಾಹಿತ್ಯ ಸಮ್ಮೇಳನಗಳು ಪರಿಶೀಲಿಸಬಹುದು.

ಕೂಟಶಾಸನಗಳು

ಪಶ್ಚಿಮ ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ನಕಲಿ ಎಂದು ಜೆ.ಎಫ್. ಫ್ಲೀಟ್, ಅಸಲಿ ಎಂದು ಬಿ.ಎಲ್. ರೈಸ್ ದೀರ್ಘಕಾಲ ವಾದಿಸಿದರು. ಅವರಿಬ್ಬರ ಮುಂದೆ ಒಂದು ಸೌಂಡ್ ಬ್ಲಾಸ್ಟರ್ ಪಿಸಿಐ 128 ಇಟ್ಟಿದ್ದರೆ ಏನಾಗುತ್ತಿತ್ತು? ಡಬ್ಬದ ಮೇಲೆ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಹೆಸರು. ಒಳಗಿನ ದಾಖಲೆಯಲ್ಲಿ ತಯಾರಕರ ಸಂಖ್ಯೆ 1274, ಅಂದರೆ ಅಮೆರಿಕದ ಎನ್ಸೋನಿಕ್. ಕ್ರಿಯೇಟಿವ್‌ನ ಸ್ವಂತ ಸಂಖ್ಯೆ 1102 ಅಲ್ಲಿಲ್ಲ. ಫ್ಲೀಟ್ ಇದನ್ನು ಕೂಟವೆನ್ನುತ್ತಿದ್ದರು, ರೈಸ್ ಅಸಲಿ ಎನ್ನುತ್ತಿದ್ದರು, ಮತ್ತು ಈ ಒಂದು ಸಲ ರೈಸ್ ಗೆಲ್ಲುತ್ತಿದ್ದರು: ಕ್ರಿಯೇಟಿವ್ ಎನ್ಸೋನಿಕ್ಕನ್ನು ಕೊಂಡುಕೊಂಡು ಅದರ ಕಾರ್ಡಿಗೆ ತನ್ನ ಮನೆತನದ ಹೆಸರಿಟ್ಟಿತು. ದತ್ತುಮಗ ಜಾತಕದಲ್ಲಿ ಮಾತ್ರ ಹಳೆಯ ಗೋತ್ರವನ್ನೇ ಹೇಳುತ್ತಿದ್ದಾನೆ. ಇದನ್ನರಿಯದೆ ‘ಸೌಂಡ್ ಬ್ಲಾಸ್ಟರ್ ಡ್ರೈವರ್’ ಎಂದು ಸೌಂಡ್ ಬ್ಲಾಸ್ಟರ್ 16ರ ಡಿಸ್ಕನ್ನು ತಂದು ಹಾಕಿದವರ ಸ್ಪೀಕರುಗಳು ಮೌನವ್ರತದಲ್ಲಿವೆ.

ಉಪಕಾರಿಯಾದ ಕೂಟಗಳೂ ಉಂಟು. ನೊವೆಲ್ ಕಂಪನಿಯ ಎನ್‌ಇ2000 ಕಾರ್ಡನ್ನು ಎಷ್ಟು ಜನ ನಕಲು ಮಾಡಿದರೆಂದರೆ, ಹೆಸರಿಲ್ಲದ ಐಸಾ ಲ್ಯಾನ್ ಕಾರ್ಡ್ ಸಿಕ್ಕಿದರೆ ಎನ್‌ಇ2000 ಡ್ರೈವರನ್ನು ಮೊದಲು ಹಾಕಿನೋಡುವುದೇ ಶಾಸ್ತ್ರ, ಹೆಚ್ಚಾಗಿ ನಡೆಯುತ್ತದೆ. ಶುದ್ಧ ಕೂಟವೆಂದರೆ 1990ರ ದಶಕದ ನಡುವೆ ಬಂದ ಕೆಲವು 486 ಮದರ್‌ಬೋರ್ಡುಗಳು. ಅವುಗಳ ಕ್ಯಾಶ್ ಚಿಪ್ಪುಗಳ ಒಳಗೆ ಏನೂ ಇರಲಿಲ್ಲ, ಬರೀ ಪ್ಲಾಸ್ಟಿಕ್. ಬಯಾಸ್ ಮಾತ್ರ ಕ್ಯಾಶ್ ಇದೆಯೆಂದು ಪರದೆಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಸಾಕ್ಷಿಯನ್ನೂ ಕೊಂಡುಕೊಂಡ ನಕಲಿ ಶಾಸನ ಗಂಗರಲ್ಲೂ ಸಿಕ್ಕಿಲ್ಲ.

ಇನ್ನು ಡಿಸ್‌ಪ್ಲೇ ಕಾರ್ಡುಗಳು. ಡಾಸ್‌ನಲ್ಲಿ ‘ಡಿಬಗ್’ ತೆರೆದು ಸಿ000:0 ವಿಳಾಸದಿಂದ ಬರಹ ತೆಗೆಸಿದರೆ ಕಾರ್ಡಿನ ಸ್ವಂತ ಬಯಾಸ್ ಕಾಣುತ್ತದೆ. ಬೇರೆ ಬೇರೆ ಕಂಪನಿಗಳ ವಿಜಿಎ ಕಾರ್ಡುಗಳಲ್ಲೂ ಆರಂಭದಲ್ಲೇ ಐಬಿಎಂ ಎಂಬ ಮೂರಕ್ಷರ ಬರುವುದನ್ನು ಕಂಡು ಕರ್ತೃ ಐಬಿಎಂ ಎಂದು ತೀರ್ಮಾನಿಸಬಾರದು. ಹಳೆಯ ಕೆಲವು ತಂತ್ರಾಂಶಗಳು ಆ ಹೆಸರನ್ನು ಹುಡುಕುತ್ತಿದ್ದವು. ಆದ್ದರಿಂದ ಸಾಮಂತರು ಶಾಸನದ ಮೊದಲಿಗೆ ಚಕ್ರವರ್ತಿಯ ಹೆಸರು ಹೇಳುವ ಹಾಗೆ ಇವರೂ ಹೇಳಿದರು. ಎರಡು ಸಾಲು ಕೆಳಗಿಳಿದರೆ ಟ್ರೈಡೆಂಟೋ ಸಿರಸ್ ಲಾಜಿಕ್ಕೋ ತನ್ನ ಹೆಸರು ಹೇಳಿಕೊಳ್ಳುತ್ತದೆ. ಎಟಿಐ ಕಾರ್ಡುಗಳು ಹೆಸರಿನ ಜೊತೆ 761295520 ಎಂಬ ಗುಪ್ತಸಂಖ್ಯೆಯನ್ನೂ ಇಟ್ಟುಕೊಂಡಿರುತ್ತವೆ.

ವಾಚಕರಲ್ಲಿ ವಿನಂತಿ: ಅಟ್ಟದ ಮೇಲೆ ಇಂಥ ಶಾಸನಗಳಿದ್ದರೆ ಗುಜರಿಗೆ ಹಾಕುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಜೊತೆಯಲ್ಲಿ ಡ್ರೈವರ್ ಫ್ಲಾಪಿ ಸಿಕ್ಕಿದರೆ ಅದನ್ನು ಈ ವಾರವೇ ಪ್ರತಿ ಮಾಡಿಸಿ. ಬೂಸು ಹಿಡಿದ ಫ್ಲಾಪಿಯನ್ನು ಓದುವ ಶಾಸನತಜ್ಞರು ಯಾವ ಇಲಾಖೆಯಲ್ಲೂ ಇಲ್ಲ. ಬಯಾಸ್ ಚಿಪ್ಪಿನ ಮೇಲೆ ಅಂಟಿಸಿದ ಚೀಟಿಯನ್ನು ಕೀಳಬೇಡಿ, ಅದರಡಿಯಲ್ಲಿ ಗಾಜಿನ ಕಿಟಕಿ ಇರಬಹುದು, ಬಿಸಿಲಿನ ಅತಿನೇರಳೆ ಕಿರಣ ಬಿದ್ದು ಒಳಗಿನ ಬರಹ ಅಳಿಯುತ್ತದೆ. ಫೋಟೊಗೆ ಫ್ಲ್ಯಾಶ್ ಬಳಸಬೇಡಿ. ಚಿಪ್ಪಿನ ಮೇಲಿನ ಸಂಖ್ಯೆ ಬೆಳಕಿಗೆ ಬಿಳಿಚಿಕೊಂಡು ಓದಲು ಬರುವುದಿಲ್ಲ.