ಒಂದೇ ಸಲ ಕೇಳುವ ಊರು

ಆಗಸ್ಟ್ ಬಂತೆಂದರೆ ಅಮೆರಿಕದ ಕನ್ನಡ ಕುಟುಂಬಗಳ ಮಿನಿವ್ಯಾನುಗಳು ಕಾಲೇಜು ಹಾಸ್ಟೆಲುಗಳ ಕಡೆ ಹೊರಡುತ್ತವೆ. ಡಿಕ್ಕಿಯಲ್ಲಿ ಹಾಸಿಗೆ ಹೊದಿಕೆ, ಚಟ್ನಿಪುಡಿ, ಎಂಟಿಆರ್ ಪೊಟ್ಟಣಗಳು, ಇಡೀ ಹಾಸ್ಟೆಲಿಗೆ ಸಾಲುವಷ್ಟು ಕ್ರೋಸಿನ್, ಜೊತೆಗೆ ಬಹುತೇಕ ಹಾಸ್ಟೆಲುಗಳಲ್ಲಿ ನಿಷಿದ್ಧವಾದ ಒಂದು ರೈಸ್ ಕುಕ್ಕರ್. ದಾರಿಯುದ್ದಕ್ಕೂ ಬುದ್ಧಿಮಾತು: ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ತಲೆಯಲ್ಲಿ ಮಲಗಬೇಡ, ಬೆಳಗಿನ ಕ್ಲಾಸು ತಪ್ಪಿಸಬೇಡ, ಮೊದಲ ಸೆಮಿಸ್ಟರಿನಿಂದಲೇ ಜಿಪಿಎ ಕಡೆ ಗಮನ ಇರಲಿ. ಎಲ್ಲವೂ ಸರಿಯೇ. ಆದರೆ ಮೊದಲ ವರ್ಷದ ವಿದ್ಯಾರ್ಥಿಗೆ ತುರ್ತಾಗಿ ಬೇಕಾದ ಮಾತು ಇದರಲ್ಲಿಲ್ಲ: ಗೊತ್ತಾಗದಿದ್ದರೆ ಹೋಗಿ ಕೇಳು. ಯಾರೋ ಮರೆತು ಬಿಟ್ಟ ಮಾತಲ್ಲ ಅದು. ನಮ್ಮ ಮನೆಗಳು ಹದಿನೆಂಟು ವರ್ಷ ಕಲಿಸಿದ್ದು ಅದರ ತದ್ವಿರುದ್ಧ. (ಅಲ್ಲಿಯ ಮಕ್ಕಳಿಗೆ ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆದರೆ ಓದುವವರು ಅಪ್ಪ ಅಮ್ಮಂದಿರೇ. ಬರೆದಿರುವುದೂ ಅವರಿಗೇ.)

ನೆಂಟರ ಮನೆಯಲ್ಲಿ “ಸಾಕು, ಸಾಕು” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಉಣ್ಣುವವರ ಮರ್ಯಾದೆ; ಆ ಕೈಯ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸುವುದು ಬಡಿಸುವವರ ಮರ್ಯಾದೆ. ಮೂರು ಸಲ ಬೇಡವೆಂದವನಿಗೆ ನಾಲ್ಕನೆಯ ಸಲ ಬಡಿಸಿಯೇ ತೀರುತ್ತಾರೆಂಬ ಭರವಸೆಯ ಮೇಲೆ ಇಡೀ ಪಂಕ್ತಿ ನಡೆಯುತ್ತದೆ. ಅದೇ ಭರವಸೆ ಹೊತ್ತು ನಮ್ಮ ಹುಡುಗ ಮುನ್ನೂರು ಜನರ ಕ್ಯಾಲ್ಕ್ಯುಲಸ್ ತರಗತಿಯಲ್ಲಿ ಕೂರುತ್ತಾನೆ. “ಏನಾದರೂ ಪ್ರಶ್ನೆ ಇದೆಯೇ?” ಎಂದು ಪ್ರೊಫೆಸರ್ ಕೇಳುತ್ತಾರೆ. ಇವನು ತಲೆ ತಗ್ಗಿಸುತ್ತಾನೆ. ಪ್ರಶ್ನೆ ಇಲ್ಲವೆಂದು ನಂಬಿ ಅವರು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಅದರಲ್ಲಿ ನಿಷ್ಠುರವೇನೂ ಇಲ್ಲ. ಬೇಡವೆಂದವರಿಗೆ ಒತ್ತಾಯ ಮಾಡದಿರುವುದೇ ಆ ಊರಿನ ಮರ್ಯಾದೆ. ಸಿಲಬಸ್ಸಿನ ಮೊದಲ ಪುಟದಲ್ಲೇ ಅವರ ಆಫೀಸ್ ಅವರ್ಸ್ ಅಚ್ಚಾಗಿರುತ್ತದೆ. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆಂದೇ ಬಾಗಿಲು ತೆರೆದು ಕೂತಿರುತ್ತಾರೆ. ನಮ್ಮವನು ಕಾರಿಡಾರಿನವರೆಗೆ ಹೋಗಿ, “ಪಾಪ, ಏನೋ ಕೆಲಸದಲ್ಲಿದ್ದಾರೆ, ಯಾಕೆ ತೊಂದರೆ” ಎಂದು ವಾಪಸ್ಸು ಬರುತ್ತಾನೆ.

“ನಾವು ಯಾರನ್ನು ಕೇಳಿಕೊಂಡು ಇಂಜಿನಿಯರ್ ಆದೆವು?” ಎಂದು ಅಪ್ಪ ಗುಡುಗುತ್ತಾರೆ. ನಿಜ, ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. 1994ರಲ್ಲಿ ಸಿಇಟಿ ಬಂದ ಮೇಲಂತೂ ಯಾವ ಕಾಲೇಜು, ಯಾವ ಬ್ರಾಂಚ್ ಎಂಬುದನ್ನು ರ‍್ಯಾಂಕೇ ಹೇಳಿಬಿಡುತ್ತಿತ್ತು. ಸೇರಿದ ಮೇಲೆ ಮೊದಲ ವರ್ಷ ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ ಎಂಬುದು ಕೂಡ ಹುಡುಗ ತಲೆ ಕೆಡಿಸಿಕೊಳ್ಳುವ ವಿಷಯವಾಗಿರಲಿಲ್ಲ, ಸೆಕ್ಷನ್ ಪಟ್ಟಿ ನೋಡಿದರೆ ಮುಗಿಯಿತು. ಇಂಟರ್ನಲ್ಸ್ ಅಂಕವೊಂದನ್ನು ಬಿಟ್ಟರೆ ಪಾಠ ಹೇಳಿದ ಮೇಷ್ಟ್ರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ: ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು, ಉತ್ತರಪತ್ರಿಕೆ ತಿದ್ದುವವರು ಇನ್ನೆಲ್ಲಿಯವರೋ. ಅಂಥ ಕಡೆ ಮೇಷ್ಟ್ರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಸೀನಿಯರ್ ಕೊಟ್ಟ ನೋಟ್ಸು ಮತ್ತು ಹತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸು ಹೆಚ್ಚು ಉಪಯೋಗ. ಅಪ್ಪ ಆ ವ್ಯವಸ್ಥೆಯನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು. ಅಮೆರಿಕದಲ್ಲಿ ಪಾಠ ಹೇಳುವವರೇ ಪ್ರಶ್ನೆಪತ್ರಿಕೆ ತೆಗೆಯುತ್ತಾರೆ, ಯಾವುದಕ್ಕೆ ಎಷ್ಟು ಅಂಕವೆಂದು ನಿರ್ಧರಿಸುತ್ತಾರೆ, ಕೊನೆಗೆ ಗ್ರೇಡು ಹಾಕುವವರೂ ಅವರೇ. ಪರೀಕ್ಷೆ ಬರೆಸುವ ಮನುಷ್ಯನೇ ವಾರಕ್ಕೆರಡು ಗಂಟೆ ಪುಕ್ಕಟೆ ಟ್ಯೂಷನ್ನಿಗೆ ಸಿಗುತ್ತಾನೆಂದು ಜಯನಗರದಲ್ಲಿ ಗೊತ್ತಾಗಿದ್ದರೆ ಸರದಿ ಸಾಲು ಬನಶಂಕರಿ ದಾಟುತ್ತಿತ್ತು.

ಇನ್ನೊಂದು ಆಕ್ಷೇಪ: ಈ ಮಕ್ಕಳು ಹುಟ್ಟಿ ಬೆಳೆದದ್ದೇ ಅಲ್ಲಿ, ಅವಕ್ಕೆಲ್ಲಿಯ ಸಂಕೋಚ? ಹೋಟೆಲಿನಲ್ಲಿ ಆರ್ಡರ್ ಮಾಡುವಾಗ, ಅಪ್ಪನ ಉಚ್ಚಾರಣೆ ತಿದ್ದುವಾಗ ಖಂಡಿತ ಇಲ್ಲ. ಆದರೆ ತನಗೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಗ ಬಂದಾಗ ಹುಡುಗಿ ಅಪ್ಪಟ ಕನ್ನಡತಿಯಾಗುತ್ತಾಳೆ. “ನಾಲ್ಕು ಜನ ಏನಂದುಕೊಳ್ಳುತ್ತಾರೆ” ಎಂಬ ಆ ನಾಲ್ಕು ಜನರಿಗೂ ಎಂದೋ ಗ್ರೀನ್ ಕಾರ್ಡ್ ಸಿಕ್ಕಿದೆ. ಪ್ರತಿ ಕನ್ನಡ ಕೂಟದ ಯುಗಾದಿ ಊಟಕ್ಕೂ ಅವರು ಹಾಜರು. ಸಮಾಜಶಾಸ್ತ್ರಜ್ಞ ಆಂಥೊನಿ ಜ್ಯಾಕ್ 2019ರ ‘ದ ಪ್ರಿವಿಲೇಜ್ಡ್ ಪೂರ್’ ಪುಸ್ತಕದಲ್ಲಿ ಪ್ರತಿಷ್ಠಿತ ಕಾಲೇಜೊಂದರ ಬಡ ವಿದ್ಯಾರ್ಥಿಗಳನ್ನು ಹೋಲಿಸಿದ್ದಾರೆ. ಸಿರಿವಂತ ಖಾಸಗಿ ಶಾಲೆಗಳಲ್ಲಿ ಓದಿ ಬಂದ ಬಡಮಕ್ಕಳು ಪ್ರೊಫೆಸರರ ಬಾಗಿಲು ತಟ್ಟಲು ಹಿಂಜರಿಯುವುದಿಲ್ಲ. ಸಾಮಾನ್ಯ ಸರ್ಕಾರಿ ಶಾಲೆಯಿಂದ ಬಂದವರು ನಮ್ಮ ಕೆಲಸ ನಾವು ಮಾಡಿದರಾಯಿತು ಎಂದು ದೂರ ಉಳಿಯುತ್ತಾರೆ. ನಮ್ಮ ಮಕ್ಕಳು ಬಹುಪಾಲು ಬಡವರಲ್ಲ, ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಆದರೂ ಜೇಬು ಒಂದೇ ಆಗಿದ್ದಾಗಲೂ ಕೇಳುವ ರೂಢಿ ಬೇರೆಯಾಗಬಹುದೆಂದು ಅದರಿಂದ ಗೊತ್ತಾಗುತ್ತದೆ. “ನಮ್ಮ ಕೆಲಸ ನಾವು ಮಾಡಿದರಾಯಿತು” ಎಂಬುದಂತೂ ನಮ್ಮ ಎಷ್ಟೋ ಮನೆಗಳಲ್ಲಿ ಸುಪ್ರಭಾತ.

ಮಗು ಕೇಳದಿದ್ದರೆ ನಾವೇ ಫೋನ್ ಮಾಡಿ ಕೇಳುತ್ತೇವೆ ಎನ್ನುವ ಅಮ್ಮಂದಿರಿಗೆ 1974ರ ಫೆರ್ಪಾ ಕಾನೂನು ಅಡ್ಡ ಬರುತ್ತದೆ. ಕಾಲೇಜು ಸೇರಿದೊಡನೆ ಅಂಕಗಳ ದಾಖಲೆಯ ಹಕ್ಕು ಮಗುವಿನದಾಗುತ್ತದೆ. ಮಗು ಒಪ್ಪಿ ಸಹಿ ಹಾಕಿದರೆ ಬೇರೆ ಮಾತು. ತೆರಿಗೆ ಲೆಕ್ಕದಲ್ಲಿ ಮಗು ಅವಲಂಬಿತನೆಂದು ತೋರಿಸಿದರೂ ಕಾಲೇಜು ಅಂಕ ತಿಳಿಸಬಹುದು, ತಿಳಿಸಲೇಬೇಕೆಂದಿಲ್ಲ. ಫೀಸು ಮಾತ್ರ ಅಪ್ಪನಿಂದ ನಿಸ್ಸಂಕೋಚವಾಗಿ ತೆಗೆದುಕೊಳ್ಳುತ್ತಾರೆ: ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಸರಾಸರಿ 11 ಸಾವಿರ ಡಾಲರಿನ ಆಸುಪಾಸು, ಖಾಸಗಿಯಾದರೆ 40 ಸಾವಿರದ ಆಚೆ, ಊಟ ವಸತಿ ಬೇರೆ. ಹೀಗಾಗಿ ಕೇಳುವ ಕೆಲಸ ಮಗುವಿನ ಹೆಗಲಿಗೇ ಬೀಳುತ್ತದೆ, ಅದಕ್ಕೆ ಗಡುವುಗಳೂ ಇವೆ. ಹದಿನೈದು ಕ್ರೆಡಿಟ್ ಎಂದರೆ ವಾರಕ್ಕೆ ಹದಿನೈದು ಗಂಟೆ ಕ್ಲಾಸು ಅಷ್ಟೇ ಎಂದು ಹುಡುಗ ಹಿಗ್ಗುತ್ತಾನೆ. ಒಂದು ಗಂಟೆ ಕ್ಲಾಸಿಗೆ ಹೊರಗೆ ಎರಡು ಗಂಟೆ ಓದು ಎಂಬುದು ಅಲ್ಲಿಯ ಲೆಕ್ಕ, ಒಟ್ಟು 45 ಗಂಟೆ. ಆರನೆಯ ವಾರಕ್ಕೆ ಮುಳುಗುವ ಲಕ್ಷಣ ಕಂಡಾಗ ಅಡ್ವೈಸರನ್ನು ಕೇಳಿದರೆ ಆ ವಿಷಯವನ್ನು ಕೈಬಿಟ್ಟು ಡಬ್ಲ್ಯೂ ಎಂಬ ಅಕ್ಷರ ಪಡೆಯಬಹುದು, ಸಾಮಾನ್ಯವಾಗಿ ಅದು ಜಿಪಿಎಗೆ ತಾಗುವುದಿಲ್ಲ. ಕೇಳದೆ ಕೂತರೆ ಎಫ್ ಬರುತ್ತದೆ, ಅದು ತಾಗುತ್ತದೆ. ಆ ಆರು ವಾರವೂ ಮನೆಯಿಂದ ರಾತ್ರಿ ಫೋನ್ ಹೋಗುತ್ತಲೇ ಇರುತ್ತದೆ. “ಊಟ ಆಯ್ತಾ?” “ಆಯ್ತು.” “ಓದು?” “ಹೂಂ.”

ಸಂಕೋಚ ನಮ್ಮ ಸಂಸ್ಕೃತಿಯಲ್ಲವೇ, ಅದನ್ನೂ ಬಿಟ್ಟರೆ ಉಳಿಯುವುದೇನು ಎಂಬ ಹಿರಿಯರ ಮಾತನ್ನು ಹಗುರವಾಗಿ ತೆಗೆದುಹಾಕಲು ಬರುವುದಿಲ್ಲ. ಇನ್ನೊಬ್ಬರ ಹೊತ್ತು ಹಾಳುಮಾಡಬಾರದೆಂಬ ಎಚ್ಚರ ಒಳ್ಳೆಯದೇ, ಅದು ಇರಲಿ. ಬರಿಗೈಲಿ ಹೋಗಿ “ಏನೂ ಅರ್ಥವಾಗಲಿಲ್ಲ” ಎನ್ನುವ ಬದಲು ಮೂರನೆಯ ಲೆಕ್ಕದಲ್ಲಿ ಎಲ್ಲಿಯವರೆಗೆ ಬಂದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಬರೆದುಕೊಂಡು ಹೋದರೆ ಸಂಕೋಚಕ್ಕೂ ಗೌರವ, ಪ್ರೊಫೆಸರರಿಗೂ ಸಮಾಧಾನ. ಇಷ್ಟಕ್ಕೂ ಒಪ್ಪದ ಮನೆಗಳಿಗೆ ಕೊನೆಯದೊಂದು ಅಸ್ತ್ರ ಇದೆ. ಮಗಳು ಡಾಕ್ಟರ್ ಆಗಬೇಕಲ್ಲವೇ? ಅಮೆರಿಕದ ವೈದ್ಯಕೀಯ ಕಾಲೇಜುಗಳು ಅಂಕಪಟ್ಟಿಯ ಜೊತೆಗೆ ಪ್ರಾಧ್ಯಾಪಕರ ಶಿಫಾರಸು ಪತ್ರ ಕೇಳುತ್ತವೆ. ನಾಲ್ಕು ವರ್ಷ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತು ಎಲ್ಲದರಲ್ಲೂ ಎ ತೆಗೆದವಳ ಬಗ್ಗೆ, ಮುಖವೇ ನೆನಪಿಲ್ಲದ ಪ್ರೊಫೆಸರ್ ಏನು ಬರೆದಾರು? ಇಷ್ಟು ಹೇಳಿದರೆ ಸಾಕು, ಮರುದಿನದಿಂದ ಅಪ್ಪನೇ “ಆಫೀಸ್ ಅವರ್ಸಿಗೆ ಹೋದೆಯಾ?” ಎಂದು ವಾಟ್ಸಾಪ್ ಮಾಡತೊಡಗುತ್ತಾರೆ.

ಇದರಲ್ಲಿ ಒಂದು ಅಪಾಯ ಇಲ್ಲದಿಲ್ಲ. ಕೇಳಲು ಕಲಿತ ಮಗು ಕ್ಯಾಂಪಸ್ಸಿನಲ್ಲಿ ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಅಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಮೇಜರ್ ಯಾವುದೆಂದು ಎರಡನೆಯ ವರ್ಷದ ಕೊನೆಯವರೆಗೂ ಗಟ್ಟಿ ಮಾಡಬೇಕಾಗಿಲ್ಲ. ನವೆಂಬರಿನ ನಾಲ್ಕನೆಯ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದವಳು ಪುಳಿಯೋಗರೆ ಕಲಸುತ್ತಾ, “ಅಪ್ಪಾ, ಬಯಾಲಜಿ ಬಿಟ್ಟು ಹಿಸ್ಟರಿ ತಗೊಳ್ಳಲಾ?” ಎನ್ನಬಹುದು. ಅಪ್ಪನ ಆಫೀಸ್ ಅವರ್ಸ್ ಯಾವಾಗ ಎಂದು ಯಾವ ಸಿಲಬಸ್ಸೂ ಹೇಳುವುದಿಲ್ಲ. ಅಮ್ಮನನ್ನು ವಿಚಾರಿಸಿಕೊಂಡು ಹೋಗುವುದು ಕ್ಷೇಮ.