ನರೇಗಲ್ ಭಾಗದಲ್ಲಿ ಸ್ಕೌಟ್ ಚಾಕು ಸಂಗ್ರಹ: ಕೆಲವು ಶಾಸ್ತ್ರೀಯ ಸೂಚನೆಗಳು

ಹಳೆಯ ಸ್ಕೌಟ್ ಚಾಕುಗಳನ್ನು ಸಂಗ್ರಹಿಸಲು ಹೊರಟವರು ಮೊಟ್ಟಮೊದಲು ತಿಳಿದಿರಬೇಕಾದ ಸಂಗತಿ, ಚಾಕು ಇರುವುದು ಕೊಯ್ಯುವುದಕ್ಕಲ್ಲ. ಈ ಮೂಲತತ್ವ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಜನರಿಗೆ ಇನ್ನೂ ಮನವರಿಕೆಯಾಗಿಲ್ಲ. ನರೇಗಲ್ಲಿನ ಸಂತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನನ್ನಂಥವನ ಕಣ್ಣಲ್ಲಿ ನೀರು ಬರುತ್ತದೆ. ಪಕ್ಕದ ಮಿರ್ಚಿ ಅಂಗಡಿಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿರುವುದೂ ಅದಕ್ಕೆ ಕಾರಣವಿರಬಹುದು. ಆದರೆ ಯಾವ ಚಾಕುವಿನಿಂದ ಹೆಚ್ಚುತ್ತಿದ್ದಾರೆ ಎಂಬ ಗಂಭೀರ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಸ್ವಲ್ಪ ಇತಿಹಾಸ. ಸ್ಕೌಟ್ ಚಳವಳಿ ಆರಂಭಿಸಿದ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದ್ದು 1907ರಲ್ಲಿ. ಎರಡೇ ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಬೆಂಗಳೂರಿನಲ್ಲಿ ಸ್ಕೌಟ್ ದಳ ಕಟ್ಟಿದರು. ಈ ದೇಶದಲ್ಲಿ ಅದೇ ಮೊದಲು. ಅಮೆರಿಕದಲ್ಲಂತೂ ಸ್ಕೌಟುಗಳಿಗೆಂದೇ ಅಧಿಕೃತ ಚಾಕು ಬಂತು. 1920ರ ದಶಕದ ರೆಮಿಂಗ್ಟನ್ ಆರ್‌ಎಸ್ 3333 ಎಂದರೆ ಬಲ್ಲವರು ಇಂದಿಗೂ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ‘ಸದಾ ಸಿದ್ಧನಾಗಿರು’ ಎಂಬುದು ಸ್ಕೌಟುಗಳ ಧ್ಯೇಯ. ಸಂಗ್ರಾಹಕರು ಆ ಧ್ಯೇಯವನ್ನು ಪರಮಾವಧಿಗೆ ಒಯ್ದಿದ್ದಾರೆ: ನೂರು ವರ್ಷ ಸಿದ್ಧವಾಗಿಯೇ ಇದ್ದು ಒಂದು ದಿನವೂ ಯಾವ ಕೆಲಸಕ್ಕೂ ಬಾರದ ಚಾಕುವಿಗೇ ‘ಮಿಂಟ್’ ದರ್ಜೆ, ಅದಕ್ಕೇ ಹೆಚ್ಚಿನ ಬೆಲೆ.

ಹಳೆಯದನ್ನು ಉಳಿಸಿಕೊಳ್ಳುವುದು ನರೇಗಲ್ಲಿಗೆ ಗೊತ್ತಿಲ್ಲವೆಂದೇನಲ್ಲ. ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕ್ರಿ.ಶ. 950ರಲ್ಲಿ ಕಟ್ಟಿಸಿದ ಬಸದಿ ಇಲ್ಲಿ ಇಂದಿಗೂ ನಿಂತಿದೆ. ಅದೇ ಊರಿನವರ ಕೈಗೆ ಒಂದು ಚಾಕು ಕೊಡಿ, ಇಪ್ಪತ್ತು ವರ್ಷದಲ್ಲಿ ಅರ್ಧ ಅಲಗು ಕಲ್ಲಿಗೆ ಹೋಗಿರುತ್ತದೆ.

ಶಾಸ್ತ್ರೋಕ್ತ ಸ್ಕೌಟ್ ಚಾಕುವಿಗೆ ನಾಲ್ಕು ಅಂಗ: ದೊಡ್ಡ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬಾಟಲಿ ಮುಚ್ಚಳವನ್ನೂ ಎಬ್ಬಿಸುವ ಸ್ಕ್ರೂಡ್ರೈವರ್, ತೂತು ಹಾಕುವ ಮೊನೆ. ಜೊತೆಗೆ ಸೊಂಟಕ್ಕೆ ತೂಗುಹಾಕಲು ಒಂದು ಕಡಿ. ಕ್ಷೇತ್ರಕಾರ್ಯದಲ್ಲಿ ಕಂಡದ್ದೇನೆಂದರೆ, ಇಲ್ಲಿಯವರು ಈ ನಾಲ್ಕನ್ನೂ ನಾಲ್ಕು ಕಡೆ ಹಂಚಿಬಿಟ್ಟಿದ್ದಾರೆ. ಎಣ್ಣೆ ಡಬ್ಬಿಗೆ ಮೊಳೆ ಮತ್ತು ಕಲ್ಲು. ಸೋಡಾ ಬಾಟಲಿಗೆ ಹಲ್ಲು. ಹೆಸರುಕಾಳಿನ ಚೀಲ ಹೊಲಿಯಲು ದಬ್ಬಣ. ಉಳಿದದ್ದಕ್ಕೆಲ್ಲ ಕುಡುಗೋಲು. ಸೊಂಟಕ್ಕೆ ತೂಗುವ ಕಡಿಯೊಂದೇ ಇಲ್ಲಿ ಮಾನ್ಯತೆ ಪಡೆದಿದೆ, ಅದರಲ್ಲಿ ತಿಜೋರಿಯ ಕೀಲಿ ಇರುತ್ತದೆ.

ಇನ್ನು ಕಾಲನಿರ್ಣಯ. ಅಲಗಿನ ಬುಡದಲ್ಲಿ, ಹಿಡಿಗೆ ಸೇರುವಲ್ಲಿ, ತಯಾರಕರ ಮುದ್ರೆ ಇರುತ್ತದೆ. ಭೂತಗನ್ನಡಿ ಹಿಡಿದು ಓದಬೇಕು. ಆಮದು ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ್ದರಿಂದ, ಶೆಫೀಲ್ಡಿನ ಚಾಕುವಿನ ಮೇಲೆ ‘ಇಂಗ್ಲೆಂಡ್’ ಎಂದು ಕಂಡರೆ ಸಾಮಾನ್ಯವಾಗಿ ಅದು ಆಮೇಲಿನದು. ಈ ವಿದ್ಯೆಯನ್ನು ಪ್ರಯೋಗಿಸಲು ಕಟ್ಟೆಯ ಮೇಲೆ ಕೂತು ಸೌತೆಕಾಯಿ ಕೊಯ್ಯುತ್ತಿದ್ದ ಅಜ್ಜನೊಬ್ಬರ ಮಡಚು ಚಾಕು ಇಸಿದುಕೊಂಡೆ. ಮುದ್ರೆ ಇರಬೇಕಾದ ಜಾಗ ಕನ್ನಡಿಯಂತಿತ್ತು. “ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರ ಹೋಗ್ಯಾವ್ರೀ. ಹರಿತ ಹೆಂಗೈತಿ ನೋಡ್ರಿ ಬೇಕಾದ್ರ,” ಅಂದರು. ಹರಿತವು ಮೌಲ್ಯಮಾಪನಕ್ಕೆ ಸಂಬಂಧಿಸಿದ ವಿಷಯವಲ್ಲ ಎಂದು ವಿವರಿಸಿದೆ. ಅವರು ಸೌತೆಕಾಯಿಯ ಒಂದು ಹೋಳಿಗೆ ಉಪ್ಪು ಖಾರ ಹಚ್ಚಿ ನನ್ನ ಕೈಗಿಟ್ಟರು. ವರದಿಯಲ್ಲಿ ಈ ಚಾಕುವನ್ನು ‘ಅನಿರ್ಧಾರಿತ’ ಎಂದು ನಮೂದಿಸಿದ್ದೇನೆ.

ಅಲಗಿನ ಮೇಲೆ ಕಾಲಕ್ರಮೇಣ ಕಟ್ಟುವ ನೀಲಿಗಪ್ಪು ಛಾಯೆಗೆ ನಮ್ಮ ಸಂಗ್ರಾಹಕರಲ್ಲಿ ಬಹಳ ಗೌರವ. ಅದು ಸಹಜವಾಗಿ ಬರಬೇಕಾದರೆ ಚಾಕು ಹುಳಿ ಹಣ್ಣು, ತರಕಾರಿ ಕೊಯ್ದಿರಬೇಕು. ಕೊಯ್ದರೆ ಮಿಂಟ್ ಹೋಯಿತು. ಈ ಧರ್ಮಸಂಕಟಕ್ಕೆ ಪರಿಹಾರವಾಗಿ ಕೆಲವರು ಹೊಸ ಅಲಗನ್ನು ವಿನೆಗರಿನಲ್ಲಿ ಅದ್ದಿಟ್ಟು ಅದಕ್ಕೆ ಅನುಭವ ಬರಿಸುತ್ತಾರೆ. ಪದವಿಗಳನ್ನೂ ಹೀಗೆ ಪಡೆಯುವ ಕಾಲದಲ್ಲಿ ಚಾಕುವನ್ನೊಂದೇ ದೂರುವುದು ತರವಲ್ಲ.

ಬೇಕಾದರೆ ಹೊಸದೇ ಮಾಡಿಕೊಡುವುದಾಗಿ ಊರಿನ ಕಂಬಾರರೊಬ್ಬರು ಮುಂದೆ ಬಂದರು. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಸಿ ಬಡಿದರೆ ಕುಡುಗೋಲೇನು, ಏನು ಬೇಕಾದರೂ ಆಗುತ್ತದೆಂದು ಅವರ ವಾದ. ನಾನು ಒಡನೆ ತಳ್ಳಿಹಾಕಲಿಲ್ಲ. ಬೇರೆ ನಾಡಿನಲ್ಲಿ ಮಾಡಿಸಿದ ಮಾತ್ರಕ್ಕೆ ಚಾಕು ಕೀಳಾಗುವುದಿಲ್ಲ: ಸ್ವಿಸ್ ಸೈನಿಕರ ಮೊದಲ ಚಾಕುಗಳೂ 1891ರಲ್ಲಿ ತಯಾರಾದದ್ದು ಜರ್ಮನಿಯ ಝೋಲಿಂಗನ್‌ನಲ್ಲಿ. ನನ್ನ ಸಂಗ್ರಹದ ಚಾಕುವನ್ನು ತಿರುಗಿಸಿ, ಬಿಚ್ಚಿ, ಮಡಚಿ, ಕಿವಿಯ ಹತ್ತಿರ ಹಿಡಿದು ‘ಟಕ್’ ಅನ್ನಿಸಿ ನೋಡಿ ಅವರು ಕೇಳಿದ್ದು ಒಂದೇ ಮಾತು: “ಖರೇ ಕೊಯ್ಯೂಹಂಗ ಮಾಡ್ಲೋ, ನಿಮ್ಮಂಗ ಇಡೂಹಂಗ ಮಾಡ್ಲೋ?” ಎರಡಕ್ಕೂ ದರ ಬೇರೆಯಂತೆ. ಇಡುವಂಥದ್ದು ಸಸ್ತಾ.

ಸೆಲ್ಯುಲಾಯ್ಡ್ ಹಿಡಿಯ ಚಾಕುಗಳ ಬಗ್ಗೆ ಎಚ್ಚರವಿರಲಿ. ಅದು ಹಳತಾದಂತೆ ಕೊಳೆತು ಆಮ್ಲದ ಆವಿ ಬಿಡುತ್ತದೆ. ತನ್ನ ಅಲಗಿಗಷ್ಟೇ ಅಲ್ಲ, ಪೆಟ್ಟಿಗೆಯ ನೆರೆಹೊರೆಯವಕ್ಕೂ ತುಕ್ಕು ಹಿಡಿಸುತ್ತದೆ. ಅಂಥದ್ದನ್ನು ಬೇರೆ ಇಡಬೇಕು.

ಎಲುಬಿನ ಹಿಡಿಗೆ ಆ ರೋಗವಿಲ್ಲ, ಆದರೆ ಬೇರೊಂದು ತೊಡಕಿದೆ. ದನದ ಕಾಲಿನ ಎಲುಬಿಗೆ ಗೀರು ಹಾಕಿ, ಬಣ್ಣ ಕುಡಿಸಿ, ಜಿಂಕೆ ಕೊಂಬಿನಂತೆ ಕಾಣುವ ಹಾಗೆ ಮಾಡುವುದು ಈ ಉದ್ಯಮದ ಹಳೆಯ ಪದ್ಧತಿ. ಖಂಡೇಪೂಜೆಯ ದಿನ ಕುರ್ಪಿ, ಕುಡುಗೋಲು, ಕೂರಿಗೆಗಳ ಸಾಲಿನಲ್ಲಿ ನನ್ನ ಅತ್ಯುತ್ತಮ ಮಾದರಿಯನ್ನೂ ಇಟ್ಟು ಇಷ್ಟೆಲ್ಲ ವಿವರಿಸಿದೆ. ವಿವರಣೆ ಮುಗಿಯುವ ಮೊದಲೇ ಮನೆಯವರು ತಟ್ಟೆ ಎತ್ತಿಟ್ಟರು. “ಎಲುವಿಂದು ದೇವರ ಮುಂದ ಇಡ್ತೀರಿ? ಅಡಗಿಮನಿಗೂ ತರಬ್ಯಾಡ್ರಿ.” ಆ ಸಾಲಿನಲ್ಲಿ ವರ್ಷವಿಡೀ ದುಡಿದು ಆ ಒಂದು ದಿನ ಸುಮ್ಮನೆ ಕೂತಿದ್ದ ಸಲಕರಣೆಗಳ ನಡುವೆ, ಹುಟ್ಟಿದಂದಿನಿಂದ ರಜೆಯಲ್ಲಿರುವ ನನ್ನ ಚಾಕುವಿಗೂ ಕುಂಕುಮ ಸಿಗಬೇಕಿತ್ತೆಂಬುದು ನನ್ನ ಅಭಿಪ್ರಾಯ, ಆದರೆ ಮನೆಯ ತೀರ್ಪಿಗೆ ಮೇಲ್ಮನವಿಯಿಲ್ಲ.

ಹೀಗಾಗಿ ಸಂಗ್ರಹಾಲಯವನ್ನು ತಾತ್ಕಾಲಿಕವಾಗಿ ದನದ ಕೊಟ್ಟಿಗೆಯ ಮಾಡಕ್ಕೆ ಸ್ಥಳಾಂತರಿಸಲಾಗಿದೆ. ಎಲುಬಿನ ಹಿಡಿಯ ಬಗ್ಗೆ ಎತ್ತುಗಳಿಂದ ಈವರೆಗೆ ಯಾವ ಆಕ್ಷೇಪವೂ ಬಂದಿಲ್ಲ. ಇಂಥ ಜಾಗದಲ್ಲಿ ಇಡುವವರು ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಪದೇ ಪದೇ ಬದಲಿಸಬೇಕು. ಪೊಟ್ಟಣ ಎತ್ತಿನ ಬಾಯಿಗೆ ನಿಲುಕಬಾರದು. ಹೊಸ ಪೊಟ್ಟಣಗಳ ಹೊರಚೀಲ ಹರಿಯಲು ಚಾಕು ಬೇಕೆನಿಸಿದರೆ, ಕುಡುಗೋಲು ಅಲ್ಲೇ ಗೋಡೆಗೆ ಸಿಗಿಸಿರುತ್ತದೆ.